ಬೀಗಿತ್ತಿಗೆ ಇದೇ ಸಾಕು

ನನ್ನ ದನಿಯ ಮೇಲೆ ನನಗೆ ಬಹಳ ಮೋಹವಿತ್ತು. ಕಾಲೇಜಿನ ಸಮಾರಂಭಗಳಲ್ಲಿ ಪ್ರಾರ್ಥನೆ, ಸ್ವಾಗತ, ವಂದನಾರ್ಪಣೆ ಮೂರೂ ನನ್ನದೇ. ಹಾಗಾಗಿ ಮುಳಬಾಗಿಲಿನ ಬಜಾರು ರಸ್ತೆಯಲ್ಲಿದ್ದ ನಮ್ಮ ಜವಳಿ ಅಂಗಡಿಗೆ ಕೇಬಲ್ ಟಿವಿಯಲ್ಲಿ ಜಾಹೀರಾತು ಕೊಡುವ ಮಾತು ಬಂದಾಗ, ಅದಕ್ಕೆ ದನಿ ಕೊಡಲು ನಾನೇ ಸೈ ಎಂದು ನಾನೇ ತೀರ್ಮಾನಿಸಿದೆ. ಯಾರೂ ಕೇಳಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಲ್ಲಿಯವರೆಗೆ ನಮ್ಮೂರಿನಲ್ಲಿ ಜಾಹೀರಾತು ಎಂದರೆ ಮೈಕು ಕಟ್ಟಿದ ಆಟೋ, ಇಲ್ಲವೇ ಪೇಪರಿನ ಮಡಿಕೆಯಲ್ಲಿಟ್ಟ ಗುಲಾಬಿ ಬಣ್ಣದ ಕರಪತ್ರ. ಸ್ವಲ್ಪ ಅನುಕೂಲವಿದ್ದವರು ಟಾಕೀಸಿನಲ್ಲಿ ಸ್ಲೈಡು ಹಾಕಿಸುತ್ತಿದ್ದರು. ಆಮೇಲೆ ಮನೆಮನೆಗೂ ಕೇಬಲ್ ತಂತಿ ಬಂತು. ಕೇಬಲ್ಲಿನವರು ತಮ್ಮದೇ ಒಂದು ಚಾನೆಲ್ ಇಟ್ಟುಕೊಂಡು ಸಂಜೆ ಏಳಕ್ಕೊಂದು ಸಿನಿಮಾ ಹಾಕುತ್ತಿದ್ದರು. ಸಿನಿಮಾದ ನಡುನಡುವೆ ಊರಿನ ಅಂಗಡಿಗಳ ಜಾಹೀರಾತು. ಬಸ್ ನಿಲ್ದಾಣದ ಹತ್ತಿರ ಗಾಜಿನ ಬಾಗಿಲು ಇಟ್ಟು, ಗೊಂಬೆಗಳಿಗೆ ಸೀರೆ ಉಡಿಸಿ ನಿಲ್ಲಿಸಿದ್ದ ಹೊಸ ಅಂಗಡಿಯೊಂದು ದಿನಕ್ಕೆ ಎಂಟು ಸಲ ಅದರಲ್ಲಿ ಮಿನುಗುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅಪ್ಪನಿಗೆ ಏನೂ ಆಗುತ್ತಿರಲಿಲ್ಲ. "ಬಟ್ಟೇನ ಯಾರೂ ಕಣ್ಣಲ್ಲಿ ಕೊಳ್ಳಲ್ಲ ಕಣೇ, ಬೆರಳಲ್ಲಿ ಕೊಳ್ತಾರೆ" ಎನ್ನುತ್ತಿದ್ದರು. ನಮ್ಮ ಅಂಗಡಿಯಲ್ಲಿ ಕುರ್ಚಿ ಇರಲಿಲ್ಲ, ಗಾದಿ ಇತ್ತು. ಬಿಳಿ ಬಟ್ಟೆ ಹೊದಿಸಿದ ಆ ಅಗಲವಾದ ಹಾಸಿಗೆಯ ಮೇಲೆ ಮದುವೆ ಮನೆಯವರು ಕಾಲು ಮಡಚಿ ಕೂತು, ಅರ್ಧ ದಿನ ಸೀರೆ ಬಿಡಿಸಿ, ಅಂಚು ಸವರಿ, ಜರಿ ಉಜ್ಜಿ, ಕಾಫಿ ಕುಡಿದು, ಜಗಳವಾಡಿ, ಕೊನೆಗೆ ಜವಳಿ ತೆಗೆಯುತ್ತಿದ್ದರು. ಗಾದಿಯ ಮೇಲೆ ಕೂತ ಹೆಂಗಸರ ಬಾಯಿಗೆ ಬೀಗ ಇರುವುದಿಲ್ಲ. ಯಾವ ನಾದಿನಿಗೆ ಅಗ್ಗದ್ದು, ಯಾವ ಚಿಕ್ಕಮ್ಮನಿಗೆ ಹಳೇ ಸೇಡು, ಎಲ್ಲವೂ ಅಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಅಪ್ಪ ಕಲ್ಲಿನಂತೆ ಕೂತು ಸೀರೆ ಮಡಿಸುತ್ತಿದ್ದರು. "ಜವಳಿ ಅಂಗಡಿಯವನಿಗೆ ಕಿವಿ ಇರಬೇಕು, ಬಾಯಿ ಇರಬಾರದು" ಎನ್ನುವುದು ಅವರು ನನಗೆ ಕಲಿಸಿದ ಮೊದಲ ಪಾಠ. ನಾನು ಓದಿದ ಪಾಠಗಳಲ್ಲಿ ಬಹಳ ತಡವಾಗಿ ಅರ್ಥವಾದದ್ದೂ ಅದೇ.

ತಿಂಗಳುಗಟ್ಟಲೆ ಕಾಡಿದ ಮೇಲೆ ಅಪ್ಪ ಜಾಹೀರಾತಿಗೆ ಒಪ್ಪಿದರು. ಗೊಂಬೆಗಳಿಗೆ ಪ್ರತಿಯಾಗಿ ನಾವು ನಿಜವಾದ ಗಿರಾಕಿಗಳನ್ನೇ ತೋರಿಸೋಣ ಎಂಬ ಉಪಾಯವೂ ನನ್ನದೇ. ಬೈರಕೂರಿನ ಕಡೆಯ ಒಂದು ಮನೆತನ ನನ್ನ ತಾತನ ಕಾಲದಿಂದ ನಮ್ಮಲ್ಲೇ ಜವಳಿ ತೆಗೆಯುತ್ತಿತ್ತು. ಮಾವಿನ ತೋಟ, ತರಕಾರಿ, ತುಂಬಿದ ಮನೆ. ಆ ಮನೆಯ ಯಜಮಾನಿ ಮಗಳ ಮದುವೆಗೆ ಜವಳಿ ತೆಗೆಯಲು ಬಂದ ದಿನವೇ ಕೇಬಲ್ಲಿನವನು ಹೆಗಲ ಮೇಲೆ ವಿಡಿಯೋ ಕ್ಯಾಮೆರಾ ಹೊತ್ತು ಬಂದ. ಟಿವಿಯಲ್ಲಿ ಬರುತ್ತೀರಿ ಎಂದ ಕೂಡಲೇ ಬೈರಕೂರಿನಮ್ಮ ಸೆರಗು ಸರಿಮಾಡಿಕೊಂಡರು. ಹತ್ತು ನಿಮಿಷ ಬಿಗಿಯಾಗಿ ಕೂತಿದ್ದರು. ಹನ್ನೊಂದನೆಯ ನಿಮಿಷಕ್ಕೆ ಕ್ಯಾಮೆರಾ ಮರೆತುಹೋಯಿತು.

ಆಮೇಲೆ ಕೇಬಲ್ಲಿನವನ ಕೋಣೆಯಲ್ಲಿ ಕೂತು ನಾನು ದನಿ ಕೊಟ್ಟೆ. ನಮ್ಮದು ಗಡಿಯ ಸೀಮೆ, ಒಂದು ಮಾತು ಕನ್ನಡದಲ್ಲಿ ಹೇಳಿ ಮತ್ತೊಮ್ಮೆ ತೆಲುಗಿನಲ್ಲಿ ಹೇಳಿದರೆ ಮಾತ್ರ ಹೇಳಿದಂತೆ. ನಾನೂ ಎರಡರಲ್ಲೂ ಹೇಳಿದೆ. ಕೇಬಲ್ಲಿನವನು ಹಿಂದೆ ನಾದಸ್ವರ ಸೇರಿಸಿದ. ನನ್ನ ಮಾತು ಕನ್ನಡದಿಂದ ತೆಲುಗಿಗೆ ತಿರುಗುವಲ್ಲಿ ಉಸಿರೆಳೆದುಕೊಳ್ಳಲು ಒಂದು ಕ್ಷಣ ಬಿಟ್ಟಿದ್ದೆ, ಅಲ್ಲಿ ಅಂಗಡಿಯ ಗಲಾಟೆ ಸ್ವಲ್ಪ ಕೇಳಲಿ, ಜೀವ ಬರುತ್ತದೆ ಎಂದೂ ನಾನೇ ಹೇಳಿದೆ. ತಯಾರಾದ ಜಾಹೀರಾತನ್ನು ನಾಲ್ಕು ಸಲ ಹಾಕಿಸಿ ನೋಡಿದೆ. ನಾಲ್ಕು ಸಲವೂ ನನ್ನ ದನಿಯನ್ನಷ್ಟೇ ಕೇಳಿದೆ.

ಉಳಿದದ್ದನ್ನು ಊರು ಕೇಳಿತು. ನಾನು ಉಸಿರೆಳೆದುಕೊಂಡ ಆ ಕ್ಷಣದಲ್ಲಿ ಬೈರಕೂರಿನಮ್ಮ ಈರುಳ್ಳಿ ಬಣ್ಣದ, ಸಣ್ಣ ಅಂಚಿನ ಸೀರೆಯೊಂದನ್ನು ಪಕ್ಕಕ್ಕೆ ತಳ್ಳಿ, ಸ್ಪಷ್ಟವಾಗಿ, "ಬೀಗಿತ್ತಿಗೆ ಇದೇ ಸಾಕು. ಚಾಲ್ಲೇ!" ಎಂದಿದ್ದರು. ಚಾಲು ಎಂದರೆ ತೆಲುಗಿನಲ್ಲಿ ಸಾಕು. ಅವರೂ ಗಡಿಯವರೇ ಅಲ್ಲವೇ, ಎರಡೂ ಭಾಷೆಯಲ್ಲಿ ಹೇಳಿದ್ದರು. ಅರ್ಥವಾಗದವರು ಮುಳಬಾಗಿಲಿನಲ್ಲಿ ಒಬ್ಬರೂ ಉಳಿಯಲಿಲ್ಲ.

ಆ ಬೀಗಿತ್ತಿ, ಎಂದರೆ ವರನ ತಾಯಿ, ನಮ್ಮೂರಿನವರೇ. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಟೀಚರಮ್ಮ. ನನಗೆ ಮಗ್ಗಿ ಬಾಯಿಪಾಠ ಮಾಡಿಸಿದವರು, ತಪ್ಪಿದರೆ ಕಿವಿ ಹಿಂಡಿದವರು. ಅವರ ಮನೆಯಲ್ಲೂ ಕೇಬಲ್ ಇತ್ತು.

ಜಾಹೀರಾತು ಬಂದ ಎರಡನೆಯ ದಿನ ತರಕಾರಿ ಮಾರುವವಳೂ ನಗುತ್ತಾ "ಸಾಕಾ, ಚಾಲ್ಲಾ?" ಎಂದು ಕೇಳಿದಾಗ ನನಗೆ ವಿಷಯ ತಿಳಿಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಪ್ಪ ನೇರವಾಗಿ ಕೇಬಲ್ಲಿನವನ ಬಳಿಗೆ ಹೋಗಿ ಜಾಹೀರಾತು ನಿಲ್ಲಿಸಿಬಂದರು. ಬೈಯಲಿಲ್ಲ. "ಇನ್ಮೇಲೆ ಗಾದಿ ಹತ್ರ ಬರ್ಬೇಡ. ಒಳಗೆ ಕೂತ್ಕೊಂಡು ರವಿಕೆ ಬಟ್ಟೆ ಮಡಿಸು" ಎಂದಷ್ಟೇ ಹೇಳಿದರು. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ. ಹೈಸ್ಕೂಲಿನ ದಿನಗಳಿಂದ ಗಾದಿಯ ಮೇಲೆ ಅಪ್ಪನ ಪಕ್ಕದಲ್ಲಿ ಒಂದು ಜಾಗ ನನ್ನದಾಗಿತ್ತು. ಅದು ಹೋಯಿತು ಎನ್ನುವುದಕ್ಕಿಂತ, ನನ್ನಿಂದಾಗಿ ಒಂದು ಮದುವೆ ಮುರಿದರೆ ಏನು ಗತಿ ಎಂಬ ಭಯಕ್ಕೆ ಅವತ್ತು ಊಟ ಸೇರಲಿಲ್ಲ.

ಮೂರನೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಬೈರಕೂರಿನಮ್ಮ ಬಂದಿಳಿದರು. "ನನ್ನ ಮಾನ ಹರಾಜಿಗೆ ಹಾಕ್ಬಿಟ್ರಲ್ಲಣ್ಣಾ" ಎಂದು ಗಾದಿಯ ಅಂಚಿನಲ್ಲಿ ಕುಸಿದು ಕೂತರು. ಅಪ್ಪ ಎದ್ದು ನಿಂತು ಕೈಮುಗಿದರು. ನಾನು ಒಳಗಿನಿಂದ ಓಡಿಬಂದು ಆಕೆಯ ಕಾಲು ಹಿಡಿದುಕೊಂಡೆ.

"ಏಳಮ್ಮ, ನೀನೇನ್ ಮಾಡ್ತೀಯ. ನಾಲಿಗೆ ನಂದು ತಾನೇ" ಎಂದರು ಆಕೆ. ಚೀಲದಿಂದ ಆ ಈರುಳ್ಳಿ ಬಣ್ಣದ ಸೀರೆಯನ್ನೇ ತೆಗೆದಿಟ್ಟರು. "ಇದು ವಾಪಸ್ ತಗೊಳ್ಳಿ. ಆ ಮಾವಿನ ಚಿಗುರಿನ ಬಣ್ಣದ್ದು, ಅಗಲ ಜರಿ ಅಂಚಿಂದು, ನನಗೆ ಅಂತ ಇಟ್ಕೊಂಡಿದ್ನಲ್ಲ, ಅದನ್ನೇ ಆಯಮ್ಮಂಗೆ ಕೊಡ್ತೀನಿ. ನನಗೆ ಇನ್ನೊಂದು ಯಾವುದಾದ್ರೂ ನೋಡೋಣ. ಈ ವಿಷಯ ಯಾರಿಗೂ ಗೊತ್ತಾಗ್ಬಾರ್ದು. ಹೆದರ್ಕೊಂಡು ಬದಲಾಯಿಸಿದ್ಳು ಅಂತಾರೆ."

"ನನ್ನ ಬಾಯಿಂದ ಬರಲ್ಲ ತಾಯಿ" ಎಂದರು ಅಪ್ಪ.

ಅವರು ಹೋದ ಮಾರನೆಯ ದಿನ ಟೀಚರಮ್ಮ ಬಂದರು. ಶಾಲೆ ಬಿಟ್ಟ ಮೇಲೆ, ಕೈಯಲ್ಲಿ ಕೊಡೆ, ಮುಖದಲ್ಲಿ ಮಗ್ಗಿ ತಪ್ಪಿದಾಗಿನ ಅದೇ ಗಂಟು. ನಾನು ರವಿಕೆ ಬಟ್ಟೆಗಳ ಹಿಂದೆ ಅಡಗಿ ಕೂತೆ. ಆಕೆ ಗಾದಿಯ ಮೇಲೆ ಕೂತು, ಕೊಡೆಯನ್ನು ಪಕ್ಕಕ್ಕಿಟ್ಟು, "ಟೀವೀಲಿ ತೋರಿಸಿದ್ರಲ್ಲ, ಈರುಳ್ಳಿ ಬಣ್ಣದ ಸೀರೆ. ಅಂಥದ್ದು ಇನ್ನೊಂದಿದ್ಯಾ?" ಎಂದರು.

"ಇದೆ ಟೀಚರಮ್ಮ. ನಾಲ್ಕು ಬಂದಿತ್ತು" ಎಂದು ಅಪ್ಪ ಒಂದನ್ನು ತೆಗೆದು ಹರಡಿದರು.

"ಕಟ್ಟಿಕೊಡಿ. ನಮ್ಮ ಕಡೆಯಿಂದ ಬೀಗಿತ್ತಿಗೆ ಇದನ್ನೇ ಕೊಡ್ತೀನಿ. ಅವರಿಗೂ ಇದೇ ಸಾಕು. ಈಗ್ಲೇ ಯಾರಿಗೂ ಹೇಳ್ಬೇಡಿ."

ಇದು ಸೇಡಲ್ಲದೆ ಮತ್ತೇನು? ಪಾಪ, ಆ ಕಡೆಯವರು ತಮ್ಮ ಒಳ್ಳೆಯ ಸೀರೆಯನ್ನೇ ಇವರಿಗೆ ಎತ್ತಿಟ್ಟಿದ್ದಾರೆ. ಒಂದು ಮಾತು, ಒಂದೇ ಮಾತು ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ. ನಾನು ಎದ್ದು ಹೊರಗೆ ಬಂದು, "ಟೀಚರ್, ಅದೂ..." ಎಂದೆ.

"ಟೀಚರಮ್ಮಂಗೆ ನೀರು ತಗೊಂಡ್ಬಾ" ಎಂದರು ಅಪ್ಪ, ಸೀರೆಯ ಮಡಿಕೆಯಿಂದ ಕಣ್ಣೆತ್ತದೆ.

ಹೋದೆ. ನೀರು ತಂದು ಕೊಟ್ಟೆ. ಟೀಚರಮ್ಮ ನನ್ನ ಮುಖವನ್ನೇ ನೋಡುತ್ತಾ ನೀರು ಕುಡಿದು, ಲೋಟ ಕೊಟ್ಟು, ಕೊಡೆ ತೆಗೆದುಕೊಂಡು ಹೊರಟುಹೋದರು.

"ಹೇಳಿದ್ರೆ ಏನಪ್ಪಾ ತಪ್ಪು? ಒಳ್ಳೇದಕ್ಕೆ ತಾನೇ?" ಎಂದು ನಾನು ಸಿಡುಕಿದೆ.

"ಒಳ್ಳೇದಕ್ಕೇ ಹೇಳ್ತೀಯ, ನಂಗೊತ್ತು. ಒಳ್ಳೇದಕ್ಕೆ ಒಂದ್ಸಲ ಬಾಯಿ ಬಿಟ್ರೆ ಆಮೇಲೆ ಅದಕ್ಕೆ ಅಭ್ಯಾಸ ಆಗ್ಬಿಡತ್ತೆ ಕಣೇ. ಅವ್ರು ಸೀರೆ ಕೇಳೋಕೆ ಬಂದಿದ್ರು, ಸುದ್ದಿ ಕೇಳೋಕಲ್ಲ."

ಮದುವೆಗೆ ಇನ್ನೂ ಹನ್ನೆರಡು ದಿನ ಇತ್ತು. ಆ ಹನ್ನೆರಡು ದಿನ ನಾನು ಪಟ್ಟ ಪಾಡು ನನಗೇ ಗೊತ್ತು. ಹೊಟ್ಟೆಯಲ್ಲಿ ಎರಡು ಗುಟ್ಟು, ಒಂದರ ಪಕ್ಕದಲ್ಲಿ ಒಂದು. ದೇವಸ್ಥಾನದಲ್ಲಿ ಟೀಚರಮ್ಮ ಕಂಡರೆ ಪ್ರದಕ್ಷಿಣೆ ಬಿಟ್ಟು ಓಡುತ್ತಿದ್ದೆ. ಅಮ್ಮ ಎರಡು ಸಲ ಕೆದಕಿದಳು, ಅವಳಿಗೂ ಹೇಳಲಿಲ್ಲ. ಅಷ್ಟು ದೀರ್ಘಕಾಲ ಬಾಯಿ ಮುಚ್ಚಿಕೊಂಡಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಮದುವೆಗೆ ಎರಡೂ ಕಡೆಯವರು ನಮ್ಮನ್ನು ಕರೆದಿದ್ದರು. ತಾಳಿ ಕಟ್ಟಿ, ಊಟಕ್ಕೆ ಎಲೆ ಹಾಕುವುದಕ್ಕೆ ಮೊದಲು ಬೀಗರು ಒಬ್ಬರಿಗೊಬ್ಬರು ಉಡುಗೊರೆ ಕೊಡುವ ಹೊತ್ತು ಬಂತು. ಜಾಹೀರಾತು ನೋಡಿದ್ದ ಅರ್ಧ ಮುಳಬಾಗಿಲು ಅಲ್ಲೇ ಇತ್ತು. ಎಲ್ಲರ ಕಣ್ಣೂ ತಟ್ಟೆಯ ಮೇಲೆ. ಟೀಚರಮ್ಮ ತಮಗೆ ಬಂದ ಸೀರೆಯ ಮಡಿಕೆ ಬಿಡಿಸಿದರು. ಮಾವಿನ ಚಿಗುರಿನ ಬಣ್ಣ, ಅಂಗೈ ಅಗಲದ ಜರಿ. ಅವರ ಕೈ ಅಲ್ಲೇ ನಿಂತಿತು. ಇತ್ತ ಬೈರಕೂರಿನಮ್ಮ ತಮ್ಮ ತಟ್ಟೆಯ ಮೇಲಿನ ಕಾಗದ ಬಿಚ್ಚಿದರು. ಈರುಳ್ಳಿ ಬಣ್ಣ, ಸಣ್ಣ ಅಂಚು. ಅವರ ಮುಖ ಕೆಂಪಗಾಯಿತು.

ಟೀಚರಮ್ಮನೇ ಮೊದಲು ಮಾತಾಡಿದರು, ತರಗತಿಯಲ್ಲಿ ಮಾತಾಡುವಷ್ಟು ಗಟ್ಟಿಯಾಗಿ. "ಏನಮ್ಮಾ, ಮಾತು ತಪ್ಪಿಬಿಟ್ರಲ್ಲ ನೀವು! ಇಬ್ಬರೂ ಒಂದೇ ಥರದ್ದು ಉಟ್ಕೊಂಡು ಜೊತೇಲಿ ನಿಲ್ಲೋಣ, ಊರು ನೋಡಿ ನಗಲಿ, ಅಲ್ಲಿಗೆ ಮುಗಿದುಹೋಗ್ಲಿ ಅಂತ ನಾನು ಅಂದ್ಕೊಂಡಿದ್ದೆ. ಈಗ ನಾನೊಬ್ಳೇ ಜಿಪುಣಿ ಆದ್ನಲ್ಲ!"

ಬೈರಕೂರಿನಮ್ಮನ ಕಣ್ಣಲ್ಲಿ ನೀರು. "ಏನೋ ಬಾಯಿತಪ್ಪಿ ಅಂದ್ಬಿಟ್ಟೆ..."

"ಬಾಯಿತಪ್ಪಿ ಏನಲ್ಲ ಬಿಡಿ. ಎಂಟು ವರ್ಷದ ಹಿಂದೆ ನನ್ನ ಮಗಳ ಮದುವೇಗೆ ಇದೇ ಅಂಗಡಿ ಗಾದಿ ಮೇಲೆ ಕೂತು ನಾನೂ ನನ್ನ ಬೀಗಿತ್ತಿ ಸೀರೆಗೆ ಇದೇ ಮಾತಂದಿದ್ದೆ. ಆಗ ಕೇಬಲ್ ಇರ್ಲಿಲ್ಲ, ನನ್ನ ಪುಣ್ಯ." ಆಮೇಲೆ ಜನರ ನಡುವೆ ಅಪ್ಪನನ್ನು ಹುಡುಕಿ, "ಏನಣ್ಣಾ, ಅಂದಿದ್ನೋ ಇಲ್ವೋ?" ಎಂದರು.

ಚಪ್ಪರದ ಕಂಬಕ್ಕೊರಗಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಅಪ್ಪ, "ನನಗೆ ಜ್ಞಾಪಕ ಇಲ್ಲ ಟೀಚರಮ್ಮ" ಎಂದರು.

ಇಡೀ ಚಪ್ಪರ ನಕ್ಕಿತು. ಬೈರಕೂರಿನಮ್ಮ ಅಳುತ್ತಲೇ ನಕ್ಕರು. ಸಂಜೆ ಆರತಕ್ಷತೆಗೆ ಆ ಈರುಳ್ಳಿ ಬಣ್ಣದ್ದನ್ನೇ ಉಟ್ಟು ಬಂದು ಟೀಚರಮ್ಮನ ಪಕ್ಕದಲ್ಲೇ ನಿಂತು ಫೋಟೋ ತೆಗೆಸಿಕೊಂಡರು. ನನಗೆ ಮಾತ್ರ ಅಪ್ಪನ ಮುಖದಿಂದ ಕಣ್ಣು ಕೀಳಲಾಗಲಿಲ್ಲ. ಟೀಚರಮ್ಮ ಸೀರೆ ಕೇಳಲು ಬಂದಾಗ ಎಂಟು ವರ್ಷದ ಹಿಂದಿನ ಆ ಮಾತು ಅಪ್ಪನ ಕಿವಿಯಲ್ಲಿ ಇದ್ದೇ ಇತ್ತು. ನನ್ನನ್ನು ಸಮಾಧಾನ ಮಾಡಲಾದರೂ ಅದನ್ನು ಹೇಳಬಹುದಿತ್ತು. ಹೇಳಿರಲಿಲ್ಲ. ಅಪ್ಪನನ್ನು ನಾನು ಅಷ್ಟು ಪ್ರೀತಿಸಿದ ದಿನ ಇನ್ನೊಂದಿಲ್ಲ.

ಮಾರನೆಯ ದಿನ ಅಂಗಡಿಯಲ್ಲಿ ಒಳಗೆ ಕೂತು ಮಡಿಸುತ್ತಿದ್ದಾಗ ಅಪ್ಪ ಕರೆದರು. ಗಾದಿಯ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿ, "ಬಾ, ಕೂತ್ಕೋ" ಎಂದರು. ಅಷ್ಟೇ. ಆ ವಾರವೆಲ್ಲ ಸುತ್ತಮುತ್ತಲಿನ ಊರುಗಳಿಂದ ಹೆಂಗಸರು ಬಂದು "ಸಾಕು ಸೀರೆ" ತೋರಿಸಿ ಎಂದರು. ಉಳಿದ ಮೂರೂ ಹೋದವು, ಮತ್ತೆ ತರಿಸಬೇಕಾಯಿತು. ಕೇಬಲ್ಲಿನವನು ಓಡೋಡಿ ಬಂದು, ಅದೇ ಹೆಸರಿನಲ್ಲಿ ಇನ್ನೊಂದು ಜಾಹೀರಾತು ಮಾಡೋಣ ಎಂದ. ಅಪ್ಪ ಅವನಿಗೆ ಕಾಫಿ ಕುಡಿಸಿ ಕಳಿಸಿದರು.

ಅಂಗಡಿ ಈಗ ನನ್ನ ಕೈಯಲ್ಲಿದೆ. ಕೇಬಲ್ಲಾಯಿತು, ಫ್ಲೆಕ್ಸ್ ಬಂತು, ಹಬ್ಬ ಬಂದರೆ ಗಿರಾಕಿಗಳ ಮೊಬೈಲಿಗೆ ಮೆಸೇಜು ಕಳಿಸುವುದನ್ನೂ ಕಲಿತೆ. ಯಾವುದನ್ನೂ ನಾನು ಬೇಡವೆನ್ನಲಿಲ್ಲ, ಹೊಸದೆಂದರೆ ನನಗೆ ಇವತ್ತಿಗೂ ಆಸೆ. ಈಚೆಗೆ ಅಂಗಡಿಗೆ ಕಣ್ಗಾವಲು ಕ್ಯಾಮೆರಾ ಹಾಕಿಸಿದೆ. ಹಾಕಲು ಬಂದವರು ಬಾಗಿಲಿಗೊಂದು, ಬೀರುಗಳ ಸಾಲಿಗೊಂದು ಹಾಕಿ, ಮೂರನೆಯದನ್ನು ಕೈಯಲ್ಲಿ ಹಿಡಿದು ಗಾದಿಯ ಮೇಲಿನ ಸೂರನ್ನು ನೋಡಿದರು.

"ಇದು ಇಲ್ಲಿಗೆ ಸರಿಹೋಗತ್ತೆ ಮೇಡಂ. ಹೊಸ ಮಾಡೆಲ್. ಚಿತ್ರದ ಜೊತೆಗೆ ಮಾತೂ ರೆಕಾರ್ಡ್ ಆಗತ್ತೆ."

"ಅದಕ್ಕೇ ಬೇಡ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅಪ್ಪನಿಗೆ ಈಗೀಗ ಕಿವಿ ಮಂದ. ಆದರೂ ಅದೊಂದು ಮಾತು ಅವರಿಗೆ ಕೇಳಿಸಿತು. ಅಂದು ಗಾದಿಯ ಮೇಲೆ ನನಗೆ ಜಾಗ ಮಾಡಿದ ಹಾಗೆಯೇ, ಅವರು ಸ್ಟೂಲಿನ ಮೇಲೆಯೇ ಸ್ವಲ್ಪ ಪಕ್ಕಕ್ಕೆ ಸರಿದು ಕೂತರು.