ಬಾಣಂತಿಯ ತಲೆಬಟ್ಟೆ ಮತ್ತು ನನ್ನ ಫೋನು

ಮಕ್ಕಳೇ, ನಿಮ್ಮಜ್ಜಿ ಬಾಯಿಲ್ಲದವಳು ಎಂದು ನಿಮ್ಮಮ್ಮ ಹೇಳಿರಬಹುದು. ಅದು ನಿಜವೇ. ನಿಮ್ಮ ತಾತ ತೀರಿಕೊಂಡ ಮೇಲೆ ಊರಿನ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದೆ. ಮದ್ದೂರಿನಲ್ಲಿ ಮೀಟಿಂಗ್ ಇದ್ದರೆ ಇವತ್ತಿಗೂ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂರುತ್ತೇನೆ. ಆದರೆ ಒಂದು ಸಲ ಮಾತಾಡಿದೆ. ಅದನ್ನು ಬರೆದಿಡುತ್ತೇನೆ.

ಈಗ ಬಾಣಂತಿಯರಿಗೆ ಆಹಾರದ ಪೊಟ್ಟಣ ಕೊಡಬೇಕಾದರೆ ಮೊಬೈಲಿನಲ್ಲಿ ಅವರ ಮುಖ ಹಿಡಿಯಬೇಕು. ಆಧಾರ್ ಕಾರ್ಡಿನ ಮುಖಕ್ಕೆ ಅದು ಹೊಂದದಿದ್ದರೆ ಪೊಟ್ಟಣ ಇಲ್ಲ. ನಮ್ಮ ಕಡೆ ಬಾಣಂತಿ ಹಣೆ, ಕಿವಿ ಎಲ್ಲ ಮುಚ್ಚುವ ಹಾಗೆ ತಲೆಗೆ ಬಟ್ಟೆ ಬಿಗಿದುಕೊಂಡಿರುತ್ತಾಳೆ. ಗಾಳಿ ತಾಕೀತೆಂದು ಅತ್ತೆ ಬಿಚ್ಚಲು ಬಿಡುವುದಿಲ್ಲ. ಫೋನು ಯಾರನ್ನೂ ಗುರುತಿಸಲೊಲ್ಲದು. ಬೇರೆ ಊರಿನ ಅಂಗನವಾಡಿಯವರೆಲ್ಲ ನೆಟ್‌ವರ್ಕಿನದೇ ತಪ್ಪು ಎಂದುಕೊಂಡು ಹಸಿ ಬಾಣಂತಿಯರನ್ನು ಮಹಡಿ ಮೇಲೆ ಹತ್ತಿಸಿ ನಿಲ್ಲಿಸುತ್ತಿದ್ದರು. ನಾನು ಬಾಗಿಲು ಹಾಕಿ, ಕಿಟಕಿಯ ಬೆಳಕಿಗೆ ಕೂರಿಸಿ, ಬಟ್ಟೆಯನ್ನು ಒಂದು ಗಳಿಗೆ ಹಿಂದಕ್ಕೆ ಸರಿಸಿದೆ. ಮುಖ ಹೊಂದಿತು. ಬಾಗಿಲು ಹಾಕಿದ್ದರಿಂದ ಅತ್ತೆಯೂ ಒಪ್ಪಿದಳು.

ಅಷ್ಟೇ ನನ್ನ ವಿದ್ಯೆ. ನಮ್ಮ ಮೇಲ್ವಿಚಾರಕಿ ಮೇಡಂ ಇದನ್ನು ಕೇಳಿ, ಫೋನಿನ ತೊಂದರೆ ಏನಿದ್ದರೂ ಇವರನ್ನು ಕೇಳಿ ಎಂದು ಕಾರ್ಯಕರ್ತೆಯರ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ನಂಬರ್ ಹಾಕಿಬಿಟ್ಟರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಒಬ್ಬಳಿಗೆ ಪಾಸ್‌ವರ್ಡ್ ಮರೆತಿದೆ, ಇನ್ನೊಬ್ಬಳ ಫೋನು ಇಂಗ್ಲಿಷಿಗೆ ತಿರುಗಿಕೊಂಡಿದೆ. ಮಳವಳ್ಳಿ ಕಡೆಯಿಂದ ಗುರುತಿಲ್ಲದವರೂ ಕರೆದರು. ಮೀಟಿಂಗಿನಲ್ಲಿ ಊಟಕ್ಕೆ ಬಿಟ್ಟರೆ ನನ್ನ ಮಡಿಲಿಗೆ ಫೋನುಗಳ ರಾಶಿ ಬೀಳುತ್ತಿತ್ತು. ಅವರು ಉಂಡು ಕೈ ತೊಳೆದು ಬಂದಾಗಲೂ ನನ್ನ ಬುತ್ತಿ ಬಿಚ್ಚಿರುತ್ತಿರಲಿಲ್ಲ. ಇದಕ್ಕೆ ಸಂಬಳವಿಲ್ಲ. ಬುದ್ಧಿವಂತೆ ಎಂಬ ಹೊಗಳಿಕೆ ಉಂಟು, ಹೊಗಳಿದವರ ಕೈಯಲ್ಲಿ ಇನ್ನೊಂದು ಫೋನು ಇರುತ್ತಿತ್ತು.

ಅದನ್ನೂ ಸಹಿಸಿಕೊಂಡಿದ್ದೆ. ನನ್ನ ಹತ್ತಿರ ಮೂರು ವರ್ಷದ ಒಂದು ಹೆಣ್ಣುಮಗು ಬರುತ್ತಿತ್ತು. ಸೇರಿದಾಗಿನಿಂದ ಬಾಯಿ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಗೋಡೆಯ ಚಿತ್ರದ ಮೇಲೆ ಬೆರಳಿಟ್ಟು, "ಎಮ್ಮೆ. ನಮ್ದು" ಎಂದಿತು. ನನ್ನ ಸೆರಗು ಹಿಡಿದು ಇನ್ನೇನೋ ಹೇಳಹೊರಟಿತು. ಅಷ್ಟರಲ್ಲಿ ಮೇಡಂ ಫೋನು. ಎದ್ದು ಹೊರಗೆ ಹೋದೆ. ಯಾರದೋ ಆ್ಯಪ್ ತೆರೆಯುತ್ತಿಲ್ಲವಂತೆ. ಒಳಗೆ ಬಂದಾಗ ಮಗು ಗೋಡೆಗೆ ಮುಖ ಮಾಡಿ ಕೂತಿತ್ತು. ಆ ವಾರವೆಲ್ಲ ಮತ್ತೆ ಮಾತಿಲ್ಲ.

ಮುಂದಿನ ಮೀಟಿಂಗಿನಲ್ಲಿ ಮೇಡಂ, ಪಕ್ಕದ ಸರ್ಕಲ್ಲಿನ, ಅಂದರೆ ಇನ್ನೊಬ್ಬ ಮೇಲ್ವಿಚಾರಕಿಗೆ ಸೇರಿದ ಊರುಗಳ ಫೋನುಗಳನ್ನೂ ಇನ್ನು ಇವರೇ ನೋಡಿಕೊಳ್ಳುತ್ತಾರೆ ಎಂದು ನನ್ನನ್ನು ತೋರಿಸಿ ಸಾರಿದರು. ನಾನು ಎದ್ದೆ.

"ಆಗಕ್ಕಿಲ್ಲ ಮೇಡಂ. ಮಕ್ಕಳ್ನ ನೋಡ್ಕೊಳ್ಳಾಕೆ ಬಂದಿರೋಳು ನಾನು. ಮಕ್ಕಳಿರೋ ಹೊತ್ನಲ್ಲಿ ಇನ್ಮೇಲೆ ಫೋನ್ ಎತ್ತಕ್ಕಿಲ್ಲ."

"ಇಷ್ಟು ಸಣ್ಣ ಕೆಲಸಕ್ಕೂ ಹಿಂಗಂದ್ರೆ ಹೆಂಗಮ್ಮ?"

"ಸಣ್ಣ ಕೆಲ್ಸ ಆದ್ರೆ ನೀವೇ ಮಾಡಿ. ದೊಡ್ದಾದ್ರೆ ಸಂಬಳ ಕೊಟ್ಟು ಯಾರ್ನಾದ್ರೂ ಇಟ್ಕೊಳ್ಳಿ."

ಮುಂದಿನ ಸಾಲಿನಲ್ಲಿ ಒಬ್ಬಳು ಪಿಸುಗುಟ್ಟಿದ್ದು ನನಗೂ ಕೇಳಿಸಿತು: "ಅಕ್ಕಂಗೆ ಕೊಬ್ಬು ಬಂದದೆ ಕಣ್ರೇ."

"ಬಂದದೆ ಕಣವ್ವ, ಇರ್ಲಿ ಬುಡು" ಎಂದು ಕೂತೆ.

ಮಂಡ್ಯದ ಆಫೀಸಿಗೆ ದೂರು ಬರೆಯುವುದಾಗಿ ಮೇಡಂ ಹೇಳಿದರು. ಬರೆಯಿರಿ ಎಂದೆ. ಬರೆದರೋ ಇಲ್ಲವೋ ತಿಳಿಯದು. ನಾನೀಗ ಹಾಜರಿ ಹಾಕಿದ ಕೂಡಲೇ ಫೋನ್ ಆರಿಸಿ ಬೇಳೆ ಡಬ್ಬದ ಹಿಂದೆ ಇಡುತ್ತೇನೆ. ಮಕ್ಕಳು ಮನೆಗೆ ಹೋದ ಮೇಲೆ ತೆರೆದರೆ ಬೈಗುಳ ಬಂದಿರುತ್ತದೆ. ಓದಿ ಅಳಿಸುತ್ತೇನೆ.

ಆ ಮಗು ಇನ್ನೂ ಮಾತುಗಾತಿಯೇನಲ್ಲ. ಮೊನ್ನೆ ಅದರ ಅಜ್ಜಿ ಮೇಕೆಗೆ ಬೈದ ಸಂಗತಿ ಹೇಳಲು ಶುರು ಮಾಡಿ ಅರ್ಧಕ್ಕೆ ನಿಂತಿತು. ನಾನು ಅಲ್ಲಾಡದೆ ಕೂತಿದ್ದೆ. ಅಡುಗೆ ನೋಡುವ ಸಹಾಯಕಿ ಒಳಗಿನಿಂದ ಕರೆದಳು, ಏಳಲಿಲ್ಲ. ಬಹಳ ಹೊತ್ತಾದ ಮೇಲೆ ಮೇಕೆ ತಿರುಗಿ ಏನಂದಿತು ಎಂಬುದನ್ನೂ ಮಗು ಹೇಳಿ ಮುಗಿಸಿತು.