ನಾರ್ಮಲ್ ಎಂದು ಬರೆದ ರಕ್ತ

ಅವರ ಎಡ ಮೊಣಕೈಯ ಮಡಿಕೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಸೂಜಿ ಚುಚ್ಚಿದ ಗುರುತುಗಳಿದ್ದವು. ಎಂಬತ್ತರ ದಶಕ, ಮಂಗಳೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಅವರು ಹಿರಿಯ ಟೆಕ್ನೀಷಿಯನ್, ನಾನು ಹೊಸಬಳು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದೆವು. ರೋಗಿಯ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಆರೋಗ್ಯವಂತರ ರಕ್ತದೊಂದಿಗೆ ಹೋಲಿಸಬೇಕಿತ್ತು. ಆ ರಕ್ತ ಯಾವಾಗಲೂ ಅಕ್ಕನದೇ. "ನನಗೆ ಶೀತ ಕೂಡ ಬರುವುದಿಲ್ಲ ಮಾರಾಯ್ತಿ, ತೆಗಿ" ಎಂದು ತೋಳು ಚಾಚುತ್ತಿದ್ದರು.

ಪದೇ ಪದೇ ಗರ್ಭಪಾತವಾಗುವ ಕೆಲವರ ರಕ್ತದಲ್ಲಿ ಲೂಪಸ್ ಆಂಟಿಕೊಯಾಗುಲೆಂಟ್ ಎಂಬ ಪ್ರತಿಕಾಯ ಇರುತ್ತದೆ. ಕೊಳವೆಯಲ್ಲಿ ಅದು ರಕ್ತವನ್ನು ಬೇಗ ಹೆಪ್ಪುಗಟ್ಟಲು ಬಿಡುವುದಿಲ್ಲ; ಮೈಯೊಳಗೆ ಮಾತ್ರ ಬೇಡದ ಕಡೆ ಹೆಪ್ಪುಗಟ್ಟಿಸುತ್ತದೆ. ನಮ್ಮ ಹಳೆಯ ಟೆಸ್ಟಿಗೆ ಅದು ಎಷ್ಟೋ ಸಲ ಸಿಗುತ್ತಿರಲಿಲ್ಲ. ಕಯೋಲಿನ್ ಎಂಬ ಬಿಳಿ ಜೇಡಿಪುಡಿ ಹಾಕಿ ಮಾಡುವ ಹೊಸ ಟೆಸ್ಟನ್ನು ಹಳೆಯದರ ಜೊತೆ ಹೋಲಿಸಿ ನೋಡಿ ಎಂದರು ಡಾಕ್ಟರು.

ಮೊದಲ ದಿನ, ಹಳೆಯ ಟೆಸ್ಟಿನಲ್ಲಿ ಅಕ್ಕನ ರಕ್ತ ಎಂದಿನಂತೆ ಹೆಪ್ಪುಗಟ್ಟಿತು. ಕಯೋಲಿನ್ ಕೊಳವೆಯನ್ನು ಬಿಸಿನೀರಿನಿಂದ ಎತ್ತಿ ಎತ್ತಿ ಓರೆ ಮಾಡಿ ನೋಡಿದೆ. ನೀರಿನ ಹಾಗೆ ಹರಿಯುತ್ತಲೇ ಇತ್ತು. ನನ್ನದೇ ತಪ್ಪೆಂದು ಎರಡು ಸಲ ಪುನಃ ಮಾಡಿದೆ. ಆಮೇಲೆ ನನ್ನ ರಕ್ತ ತೆಗೆದೆವು, ಬೇಗ ಗಟ್ಟಿಯಾಯಿತು. ನನ್ನದನ್ನು ಅವರದಕ್ಕೆ ಬೆರೆಸಿದರೂ ತಡವೇ. ಏನೋ ಕೊರತೆ ಇದ್ದದ್ದಾದರೆ ನನ್ನದರಿಂದ ತುಂಬಬೇಕಿತ್ತು. ಅದು ಪ್ರತಿಕಾಯವೇ.

ಅಕ್ಕ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಎಂತ ಆಯ್ತು ಅಕ್ಕ?"

"ನನಗೆ ಮೂರು ಸಲ ಹೋಗಿದೆ. ನಿಂತು ಕೆಲಸ ಮಾಡಿದ್ದಕ್ಕೆ ಅಂತ ಮನೆಯಲ್ಲಿ ಹೇಳಿದ್ರು. ನಾನೂ ಹಾಗೇ ನಂಬಿದ್ದೆ."

ಆಗ ಅವರಿಗೆ ನಲವತ್ತನಾಲ್ಕು. ಅವರು ಅಳಲಿಲ್ಲ, ಎದ್ದು ಹಳೆಯ ರಿಜಿಸ್ಟರುಗಳನ್ನು ತೆಗೆದರು. ಮಗು ನಿಲ್ಲುವುದಿಲ್ಲವೆಂದು ಬಂದು, ಅಕ್ಕನ ರಕ್ತಕ್ಕೇ ಹೋಲಿಸಿ ನಾವು ಬರೆದ 'ನಾರ್ಮಲ್' ಎಂಬ ರಿಪೋರ್ಟ್ ಪಡೆದು ಹೋದ ಹೆಂಗಸರಿಗೆಲ್ಲ, ಇನ್ನೊಮ್ಮೆ ಬನ್ನಿ ಎಂದು ಇನ್‌ಲ್ಯಾಂಡ್ ಪತ್ರ ಬರೆಯತೊಡಗಿದರು.

"ಈಗ ಯಾಕೆ ಅದನ್ನೆಲ್ಲ ಕೆದಕುವುದು?" ಎಂದರು ಡಾಕ್ಟರು.

"ಆ ರಿಪೋರ್ಟುಗಳ ಕೆಳಗೆ ನನ್ನ ಸೈನ್ ಉಂಟು ಸರ್."

ಮರುವರ್ಷ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅಕ್ಕ ಕುಸಿದು ಬಿದ್ದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ರಕ್ತ ಹೆಪ್ಪುಗಟ್ಟದ ಹಾಗೆ ಡಾಕ್ಟರು ಕೊಟ್ಟ ಮಾತ್ರೆ ತಪ್ಪದೆ ನುಂಗುತ್ತಿದ್ದರು, ಅದು ಸಾಲಲಿಲ್ಲ. ಆಮೇಲೆ ಬದುಕಿದ್ದು ಎರಡೇ ದಿನ. ಕಾರಣ ಚೆನ್ನಾಗಿ ಗೊತ್ತಿದ್ದ ನನಗೇ ನಂಬಲಾಗಲಿಲ್ಲ.

ಕೆಲವು ತಿಂಗಳ ಮೇಲೆ ಉಳ್ಳಾಲದಿಂದ ಒಬ್ಬರು ಮಗು ಎತ್ತಿಕೊಂಡು ಲ್ಯಾಬಿಗೆ ಬಂದರು. ನಾಲ್ಕು ಕಳೆದುಕೊಂಡ ಮೇಲೆ, ಅದೇ ಮಾತ್ರೆಯಿಂದ ಉಳಿದ ಮಗು.

"ಪತ್ರ ಬರೆದ ಮೇಡಂ ನೀವೇ ಅಲ್ವಾ? ತೋರಿಸಿ ಹೋಗುವ ಅಂತ ಬಂದೆ" ಎಂದು ಮಗುವನ್ನು ನನ್ನ ಮಡಿಲಿಗಿಟ್ಟರು.

ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.