ಹಗುರವಾದದ್ದನ್ನು ಆರಿಸಿದ ದಿನ

ಪ್ರತಿ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಏಳಕ್ಕೆ ಮನೆಯ ಬಾಗಿಲ ಬಿಜಾಗರಿಗಳಿಗೆ ಎಣ್ಣೆ ಬಿಡುವುದು ನನ್ನ ರೂಢಿ. ನಾಲ್ಕು ಬಾಗಿಲು, ಹತ್ತು ನಿಮಿಷದ ಕೆಲಸ. ಈ ತಿಂಗಳು ಹಳೆಯ ಡಬ್ಬಿ ಖಾಲಿಯಾಗಿತ್ತು. ಚಿಕ್ಕೋಡಿ ಪೇಟೆಯ ಅಂಗಡಿಯವನು ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ಸಣ್ಣ ಬಾಟಲಿ ಕೊಟ್ಟಿದ್ದ. ಮುಚ್ಚಳ ತೆಗೆದೆ. ತೆಳ್ಳಗಿನ, ಸ್ವಲ್ಪ ಸೀಮೆಎಣ್ಣೆಯಂಥ ವಾಸನೆ ಬಂತು. ಎರಡನೇ ಬಾಗಿಲಿನ ಹತ್ತಿರ ಬಾಟಲಿ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ. ಅದು ಟೈಪ್ ಮಾಸ್ತರರ ಅಂಗಿಯ ತೋಳಿನಿಂದ ಬರುತ್ತಿದ್ದ ವಾಸನೆ...

ಅವರು ಶಾಲೆಯ ಮಾಸ್ತರರಲ್ಲ. ರಾಯಬಾಗದ ತಾಲೂಕು ಕಚೇರಿಯ ಕಾಂಪೌಂಡ್ ಗೋಡೆಗೆ ಆನಿಸಿ ಒಂದು ತಗಡಿನ ಚಪ್ಪರವಿತ್ತು. ಅದರ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ನಾನು ಅದೇ ಕಚೇರಿಯಲ್ಲಿ ಶಿರಸ್ತೇದಾರನಾಗಿದ್ದೆ. ಅವರು ಬರೆದ ಅರ್ಜಿ ನನ್ನ ಮೇಜಿಗೆ ಬರಬೇಕಿತ್ತು. ನಾನು ಒಂದು ಅಂಕಿ ತಪ್ಪಿದ್ದರೂ, ಒಂದು ರುಜು ಬಿಟ್ಟುಹೋಗಿದ್ದರೂ ಅರ್ಜಿ ವಾಪಸು ಕಳಿಸುವವನು. ವಕೀಲರು ಬರೆಸಿದ್ದನ್ನೂ ಕಳಿಸಿದ್ದೇನೆ. ಟೈಪ್ ಮಾಸ್ತರರ ಒಂದು ಅರ್ಜಿಯನ್ನೂ ವಾಪಸು ಕಳಿಸುವ ಪ್ರಸಂಗ ನನ್ನ ಸೇವೆಯಲ್ಲಿ ಬರಲಿಲ್ಲ.

ಅದಕ್ಕೆ ಕಾರಣ ಅವರ ಪದ್ಧತಿ. ಟೈಪು ಮಾಡುವಾಗ ಅವರು ಕೀಲಿಗಳ ಕಡೆ ನೋಡುತ್ತಿರಲಿಲ್ಲ. ಎದುರಿಗೆ ಕುಂತವರ ಮುಖ ನೋಡುತ್ತ ಕಥೆ ಕೇಳುತ್ತಿದ್ದರು. ಹತ್ತು ಬೆರಳು ತಮ್ಮಷ್ಟಕ್ಕೆ ಓಡುತ್ತಿದ್ದವು. ಮುಗಿದ ಮೇಲೆ ಕಾಗದ ತೆಗೆದು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಮರಾಠಿಯವರಿಗೆ ಅದನ್ನೇ ಮರಾಠಿಯಲ್ಲಿ ಹೇಳುತ್ತಿದ್ದರು. ಸರ್ವೆ ನಂಬರು ಬಂದಾಗ ಅರ್ಜಿದಾರ ತನ್ನ ಬಾಯಿಂದ ಆ ನಂಬರು ಹೇಳಬೇಕು, ಎರಡೂ ಕೂಡಿದರೆ ಮಾತ್ರ ಹೆಬ್ಬೆಟ್ಟು. ಕೊನೆಗೆ, ಬರಹ ಮುಗಿದಲ್ಲಿಂದ ಕಾಗದದ ಬುಡದವರೆಗೆ ಅಡ್ಡಗೆರೆಗಳ ಸಾಲು ಹೊಡೆಯುತ್ತಿದ್ದರು. ಆಮೇಲೆ ಯಾರೂ ಒಂದು ಮಾತು ಸೇರಿಸಬಾರದು ಎಂದು.

ಮನೆ ಇದ್ದದ್ದು ಹಾರೂಗೇರಿಯಲ್ಲಿ. ಟೈಪ್‌ರೈಟರನ್ನು ಎಂದೂ ಬೇರೆಯವರ ಹತ್ತಿರ ಬಿಟ್ಟುಹೋದವರಲ್ಲ. ತಗಡಿನ ಪೆಟ್ಟಿಗೆಯಲ್ಲಿ ಹಾಕಿ, ಪಟ್ಟಿ ಕಟ್ಟಿ, ಎಡ ಹೆಗಲಿಗೆ ಹೊತ್ತು ಬಸ್ಸಿನಲ್ಲಿ ಬರುತ್ತಿದ್ದರು, ಸಂಜೆ ಹಾಗೇ ಹೋಗುತ್ತಿದ್ದರು. ವರ್ಷಗಳು ಕಳೆದಂತೆ ಅವರ ಎಡ ಹೆಗಲು ಬಲ ಹೆಗಲಿಗಿಂತ ಕೆಳಗಿಳಿದಿತ್ತು. ದೂರದಿಂದ ನೋಡಿದರೂ ನಡಿಗೆಯಲ್ಲಿ ಗುರುತು ಸಿಗುತ್ತಿತ್ತು. ಆ ಹೆಗಲು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಮುಂದೆ ನಾನು ಮಾಡಿದ್ದಕ್ಕೆ ಅದೇ ಕಾರಣ.

ನಾನು ನಿವೃತ್ತನಾಗಿ ಚಿಕ್ಕೋಡಿಗೆ ಬಂದು ನೆಲೆಸಿದ ಮರುವರ್ಷ, ಎರಡು ಸಾವಿರದ ಹತ್ತರ ಆಚೀಚೆ, ಮಾಸ್ತರರು ಒಂದು ಭಾನುವಾರ ಮನೆಗೆ ಬಂದರು. ಹೊಸ್ತಿಲಾಚೆಯೇ ನಿಂತಿದ್ದರು. ಒಳಗೆ ಕರೆದರೆ ಕುರ್ಚಿಯ ತುದಿಗೆ ಕುಳಿತರು.

"ಜನಾ ಈಗ ಕಂಪ್ಯೂಟರ್‌ನ್ಯಾಗ ತಗದದ್ದಽ ಬೇಕ ಅಂತಾರ್ರಿ ಸಾಹೇಬ್ರ. ಎದುರಿಗಿನ ಝೆರಾಕ್ಸ್ ಅಂಗಡ್ಯಾಗ ಕಂಪ್ಯೂಟರ್ ಕುಂತೈತಿ. ನನ್ನ ಮುಂದ ಈಗ ಗಿರಾಕಿಗಿಂತ ನಾಯಿನಽ ಜಾಸ್ತಿ ಕುಂದರತಾವ್ರಿ" ಎಂದು ನಕ್ಕರು. ನಗು ಬೇಗ ಮುಗಿಯಿತು. "ಚಪ್ಪರದಾಗ ಲೈಟ್ ಇಲ್ಲ. ಬ್ಯಾಟರಿ ಮ್ಯಾಲ ನಡಿಯೂದು ಲ್ಯಾಪ್‌ಟಾಪ್ ಅಂತ ಬರತೈತಲ್ರಿ? ಭಾಳ ತುಟ್ಟಿ ಬ್ಯಾಡ. ದಿನಾ ಹೊತ್ತಕೊಂಡ ಅಡ್ಡಾಡಾಕ ಬರಬೇಕು. ನೀವು ಸ್ವಲ್ಪ ಆರಿಸಿಕೊಟ್ರ..."

ನಿವೃತ್ತಿಗೆ ಮೊದಲೇ ಕಚೇರಿಗೆ ಕಂಪ್ಯೂಟರು ಬಂದಿತ್ತು, ಸಣ್ಣವರಿಗಿಂತ ಮೊದಲು ನಾನು ಕಲಿತಿದ್ದೆ. ಆದ್ದರಿಂದ ಅವರು ಕೇಳಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ಆ ಚಪ್ಪರ ಹೋದರೆ ಅವರಿಗೆ ಬೇರೆ ಕೆಲಸ ಗೊತ್ತಿಲ್ಲ, ಐವತ್ತೆಂಟು ದಾಟಿದೆ ಎಂಬುದೂ ನನಗೆ ತಿಳಿದಿತ್ತು. ಒಂದು ವಾರ ತೆಗೆದುಕೊಂಡೆ. ಗೆರೆ ಹಾಕಿದ ಕಾಗದದಲ್ಲಿ ಬರೆದೆ: ತೂಕ, ಬ್ಯಾಟರಿ ಎಷ್ಟು ತಾಸು, ಬೆಲೆ, ಖಾತರಿ ಎಷ್ಟು ವರ್ಷ, ಬರೆದದ್ದನ್ನು ಝೆರಾಕ್ಸ್ ಅಂಗಡಿಗೆ ಒಯ್ದು ಮುದ್ರಿಸಲು ಪೆನ್‌ಡ್ರೈವಿಗೆ ಎಷ್ಟು ಕಿಂಡಿ. ಒಂದೊಂದರ ಮುಂದೆ ಇಷ್ಟಿಷ್ಟು ಅಂಕವೆಂದು ಗೊತ್ತುಮಾಡಿದೆ. ತೂಕಕ್ಕೆ ಎಲ್ಲಕ್ಕಿಂತ ಹೆಚ್ಚು ಅಂಕ ಇಟ್ಟೆ.

ಮುಂದಿನ ಭಾನುವಾರ ಹತ್ತಕ್ಕೆ ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಸೇರುವುದೆಂದು ಹೇಳಿದ್ದೆ. ನಾನು ಐದು ನಿಮಿಷ ಮೊದಲೇ ಹೋದೆ. ಅವರು ಒಂಬತ್ತೂವರೆಗೇ ಬಂದು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೋಳಿನಲ್ಲಿ ಅದೇ ಎಣ್ಣೆಯ ವಾಸನೆ. ಭಾನುವಾರವೂ ಯಂತ್ರ ಒರೆಸಿ ಬಂದಿದ್ದರು.

ಅಂಗಡಿಗೆ ಹೋಗುವಾಗ ನನ್ನ ಕೈಚೀಲದಲ್ಲಿ ಮನೆಯ ಸ್ಪ್ರಿಂಗ್ ಕಾಟಾ ಇತ್ತು, ತರಕಾರಿ ತೂಗುವ ಕೊಕ್ಕೆಯದು. ಡಬ್ಬಿಯ ಮೇಲೆ ಬರೆದ ತೂಕವನ್ನು ನಂಬುವವನಲ್ಲ ನಾನು. ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿ ಹಾಕಿ ಕೊಕ್ಕೆಗೆ ನೇತುಹಾಕಿದಾಗ ಅಂಗಡಿಯವನು ಬಾಯಿ ಬಿಟ್ಟು ನೋಡಿದ.

"ಸಾಹೇಬ್ರ, ಇದೇನ ಬದನಿಕಾಯಿ ಏನ್ರಿ?"

"ಬದನಿಕಾಯಿ ಆಗಿದ್ರ ಹೊತ್ತವ್ರು ಸಂಜಿಮುಂದ ತಿಂದ ಮುಗಸತಿದ್ರು. ಇದನ್ನ ದಿನಾ ಹೊರಬೇಕು" ಎಂದೆ. ಮಾಸ್ತರರು ಮನಸಾರೆ ನಕ್ಕರು.

ಕೊನೆಗೆ ಎರಡು ಉಳಿದವು. ಒಂದು ಚಿಕ್ಕದು, ಪಾಠದ ಪುಸ್ತಕದಷ್ಟು. ಕಾಟಾದಲ್ಲಿ ಒಂದೂಕಾಲು ಕಿಲೋ ಬಂತು, ಬ್ಯಾಟರಿ ಐದಾರು ತಾಸು. ಇನ್ನೊಂದು ಹಳೆಯ ಮಾದರಿ, ದೊಡ್ಡ ಪರದೆ, ಅಗಲ ಕೀಲಿ, ಹತ್ತಿರಹತ್ತಿರ ಮೂರು ಕಿಲೋ, ಬ್ಯಾಟರಿ ಅದರ ಅರ್ಧ. ಬೆಲೆಯಲ್ಲಿ ಹೆಚ್ಚು ಅಂತರವಿರಲಿಲ್ಲ. ನಾನು ಅಂಗಡಿಯವನ ಜೊತೆ ಖಾತರಿಯ ಕಾಗದ ಓದುತ್ತಿದ್ದೆ. ತಿರುಗಿ ನೋಡಿದರೆ ಮಾಸ್ತರರು ಆ ದೊಡ್ಡದರ ಮುಂದೆ ನಿಂತಿದ್ದರು. ಅದು ಚಾಲೂ ಕೂಡ ಆಗಿರಲಿಲ್ಲ. ಕಪ್ಪು ಪರದೆಯ ಮುಂದೆ ಕಣ್ಣು ಮುಚ್ಚಿಕೊಂಡು, ಹತ್ತು ಬೆರಳು ಕೀಲಿಗಳ ಮೇಲಿಟ್ಟು ಏನೋ ಟೈಪು ಮಾಡುತ್ತಿದ್ದರು. ಮುಖದಲ್ಲಿ ಒಂಥರಾ ಸಮಾಧಾನ...

ನನಗೆ ಅದು ಹೊತ್ತು ಕಳೆಯುವ ಆಟದಂತೆ ಕಂಡಿತು.

"ಮಾಸ್ತರ, ಅದು ಮೂರು ಕಿಲೋ ಐತಿ. ಕೈ ತಗೀರಿ" ಎಂದೆ.

ಕೈ ತೆಗೆದರು.

"ಹೌದ್ರಿ ಸಾಹೇಬ್ರ."

ಕಾಗದ ಮುಂದೆ ಹಿಡಿದು ಅಂಕ ಕೂಡಿಸಿ ತೋರಿಸಿದೆ. ಚಿಕ್ಕದಕ್ಕೆ ಬಹಳ ಹೆಚ್ಚು ಬಂದಿತ್ತು. ಅವರು ಕಾಗದ ನೋಡಿದರು, ಇನ್ನೊಮ್ಮೆ ಆ ದೊಡ್ಡದರ ಕಡೆ ನೋಡಿದರು. "ನೀವು ನೋಡೀರಿ ಅಂದ ಮ್ಯಾಲ ಮುಗೀತ್ರಿ" ಎಂದರು. ಅಷ್ಟು ವರ್ಷ ನನ್ನ ಮೇಜಿನಾಚೆ ನಿಂತು ಹೌದ್ರಿ ಅನ್ನುವುದು ಅವರಿಗೆ ರೂಢಿಯಾಗಿತ್ತು. ಕೇಳಿಸಿಕೊಳ್ಳುವುದು ನನಗೂ ರೂಢಿಯಾಗಿತ್ತು. ಬಸ್ಸಿಗೆ ಹತ್ತಿಸುವಾಗ ಅವರ ಬಲಗೈಯಲ್ಲಿ ಸಣ್ಣ ಚೀಲ, ಎಡ ಹೆಗಲು ಖಾಲಿ. ನೋಡಿ ನನಗೆ ಬಹಳ ಸಂತೋಷವಾಯಿತು. ಮನೆಗೆ ಬಂದು ಆ ಕಾಗದವನ್ನು ಕಡತದಲ್ಲಿ ಸೇರಿಸಿಟ್ಟೆ.

ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದೆ. "ಹೆಂಗ ನಡದೈತಿ ಮಾಸ್ತರ?" ಎಂದರೆ, "ಛಲೋ ಐತ್ರಿ. ಹೂವಿನಂಗ ಹಗುರ ಐತ್ರಿ" ಎನ್ನುತ್ತಿದ್ದರು. ಅದು ಸುಳ್ಳಲ್ಲ. ನಾನು ತೂಕವನ್ನೇ ನೋಡಿದ್ದೆ, ಅವರು ತೂಕದ ಬಗ್ಗೆಯೇ ಉತ್ತರ ಕೊಟ್ಟರು.

ಏಳೆಂಟು ತಿಂಗಳ ಮೇಲೆ ನನ್ನದೇ ಒಂದು ದಾಖಲೆಗಾಗಿ ರಾಯಬಾಗಕ್ಕೆ ಹೋದೆ. ಚಪ್ಪರದ ಮುಂದೆ ಜನ ಸೇರಿದ್ದರು. ಚಿಂಚಲಿಯ ಒಬ್ಬ ಮುದುಕಿ, ತೀರಿಹೋದ ಗಂಡನ ಹೊಲಕ್ಕೆ ತನ್ನ ಹೆಸರು ಏರಿಸಲು ಮಾಸ್ತರರ ಕಡೆ ಅರ್ಜಿ ಬರೆಸಿದ್ದಳು. ಸರ್ವೆ ನಂಬರಿನ ಒಂದು ಅಂಕಿ ತಪ್ಪಾಗಿತ್ತು. ಬೇರೆಯವರ ಹೊಲದ ನಂಬರು ಬಿದ್ದು, ಆ ಹೊಲದವರು ಅವಳ ಮನೆ ಬಾಗಿಲಿಗೆ ಬಂದು ಜಗಳ ತೆಗೆದಿದ್ದರಂತೆ. ಅರ್ಜಿ ವಾಪಸು ಬಂದಿತ್ತು.

"ಮಾಸ್ತರ, ನಿಮ್ಮ ಕಡೆ ಬರಸಿದ್ರ ದೇವರ ಮುಂದ ಇಟ್ಟಂಗ ಅಂತಿದ್ವೆಪಾ. ನೀವೂ ಸುಳ್ಳ ಬರ್ಯಾಕ ಹತ್ತೀರೇನ? ಕಳ್ಳಿ ಅನಿಸಿಕೊಂಡ ಬಂದೀನಿ ನಾ!"

ಮಾಸ್ತರರು ಎದ್ದು ನಿಂತಿದ್ದರು. ನಾನು ಮುಂದೆ ಹೋಗಿ ಕಾಗದ ಇಸಿದುಕೊಂಡು ನೋಡಿದೆ. ಎರಡು ಇರಬೇಕಾದಲ್ಲಿ ಮೂರು. ಕೇಳಬೇಕಾದದ್ದನ್ನು ಕೇಳಲಿಲ್ಲ. ಎಲ್ಲರ ಮುಂದೆ, ಕಚೇರಿಯ ಧ್ವನಿಯಲ್ಲೇ ಹೇಳಿಬಿಟ್ಟೆ:

"ಏನ್ರಿ ಮಾಸ್ತರ, ಓದಿ ಹೇಳೂದು ಬಿಟ್ರೇನು? ಹೊಸಾ ಯಂತ್ರ ಬಂತಂತ ಲಕ್ಷ್ಯ ಹೋತೇನು?"

"ತಪ್ಪಾತ್ರಿ ಸಾಹೇಬ್ರ."

ಅಷ್ಟೇ. ಮುದುಕಿಯನ್ನು ಕೂಡಿಸಿ, ಬಿಳಿ ಕಾಗದ ತೆಗೆದು, ಪೆನ್ನಿನಿಂದ ಅರ್ಜಿಯನ್ನು ಮೊದಲಿಂದ ಬರೆದರು. ಗಟ್ಟಿಯಾಗಿ ಓದಿದರು. ಅವಳ ಬಾಯಿಂದ ನಂಬರು ಹೇಳಿಸಿದರು. ಕೊನೆಗೆ ಬುಡದವರೆಗೆ ಗೆರೆ ಎಳೆದರು. ಲ್ಯಾಪ್‌ಟಾಪು ಪಕ್ಕದಲ್ಲೇ ಮುಚ್ಚಿ ಇಟ್ಟಿತ್ತು. ಅದನ್ನು ಯಾಕೆ ತೆರೆಯಲಿಲ್ಲ ಎಂದು ನನಗೆ ಅನಿಸಬೇಕಿತ್ತು. ಬಸ್ಸಿನ ಹೊತ್ತಾಗಿತ್ತು, ಹೊರಟೆ.

ಮರುದಿನದಿಂದ ಅವರು ಚಪ್ಪರಕ್ಕೆ ಬರಲಿಲ್ಲವೆಂದು ಆಮೇಲೆ ತಿಳಿಯಿತು. ಫೋನು ಮಾಡಿದರೆ, "ಸ್ವಲ್ಪ ಆರಾಮಿಲ್ರಿ, ಬರತೀನ್ರಿ" ಎನ್ನುತ್ತಿದ್ದರು. ವರ್ಷ ತುಂಬುವುದರೊಳಗೆ ಒಂದು ಬೆಳಿಗ್ಗೆ ಎದೆನೋವಿನಿಂದ ತೀರಿಕೊಂಡರು. ಆ ಯಂತ್ರದಿಂದಲೇ ಹೀಗಾಯಿತೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಲು ನನ್ನ ಹತ್ತಿರ ಆಧಾರವಿಲ್ಲ. ಆದರೆ ಕೊನೆಯ ತಿಂಗಳುಗಳಲ್ಲಿ ಅವರು ಕೆಲಸವಿಲ್ಲದೆ ಮನೆಯಲ್ಲಿ ಕುಳಿತರು, ಇದಕ್ಕೆ ಆಧಾರವಿದೆ.

ಮಾತಾಡಿಸಿಕೊಂಡು ಬರಲು ಹಾರೂಗೇರಿಗೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟರು. ಟ್ರಂಕು ತೆರೆದು ಲ್ಯಾಪ್‌ಟಾಪಿನ ಚೀಲ ತಂದು ನನ್ನ ಮುಂದಿಟ್ಟರು. ಟ್ರಂಕಿನ ತಳದಲ್ಲಿ ಟೈಪ್‌ರೈಟರಿನಡಿ ಹಾಕುತ್ತಿದ್ದ ಹಳೆಯ ದಪ್ಪ ಬಟ್ಟೆ ಮಡಿಸಿಟ್ಟಿತ್ತು. ಚೀಲದಲ್ಲಿ ಒಂದು ಪೆನ್ಸಿಲು. ತುದಿಯ ರಬ್ಬರು ತಗಡಿನ ಪಟ್ಟಿಯವರೆಗೆ ಸವೆದಿತ್ತು.

"ಇದ್ಯಾಕ್ರಿ ತಂಗಿ?" ಎಂದೆ.

"ಅವ್ರ ಬೆರಳು ದಪ್ಪಲ್ರಿ ಅಣ್ಣಾರ. ಒಂದ ಒತ್ತಿದ್ರ ಎರಡ ಬೀಳತಿದ್ವು. ಅದಕ್ಕ ಪೆನ್ಸಿಲ್ ತಿರುವಿ ಹಿಡದು ಒಂದೊಂದ ಒತ್ತತಿದ್ರು, ಕೋಳಿ ಕಾಳ ಹೆಕ್ಕಿದಂಗ. ಕಣ್ಣಿಗೂ ಅಕ್ಷರ ಹತ್ತತಿರಲಿಲ್ಲ. ತಡಾ ಆಗತೈತಿ ಅಂತ ಮಂದಿ ಬೈಯತಿದ್ರು. ಹಂಗಾಗಿ ಓದಿ ಹೇಳೂದ ಬಿಟ್ರು..." ಸೆರಗಿನಿಂದ ಚೀಲದ ಮೇಲಿನ ಧೂಳು ಒರೆಸಿದರು. "ಅಂಗಡ್ಯಾಗ ಒಂದ ದೊಡ್ಡದಿತ್ತಂತಲ್ರಿ. ಬೆರಳಿಗೆ ಬರೋಬ್ಬರಿ ಕೂಡತಿತ್ತು ಅಂತಿದ್ರು."

"ಯಾಕ ಹೇಳಲಿಲ್ರಿ ನನಗ?"

"ಸಾಹೇಬ್ರು ಕಾಟಾ ಹಿಡಕೊಂಡ ಬಂದಿದ್ರು, ನನ್ನ ಹೆಗಲ ಸಂಬಂಧ ಅಷ್ಟು ಕಾಳಜಿ ಮಾಡಿದ್ರು, ಹೆಂಗ ಒಲ್ಲೆ ಅನ್ಲಿ ಅಂತಿದ್ರು."

ಅವರ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಚಹಾ ಆರಿಹೋಗಿತ್ತು. ಕುಡಿದು ಎದ್ದೆ.

ಆ ಕಾಗದ ಇಂದಿಗೂ ನನ್ನ ಕಡತದಲ್ಲಿದೆ. ತೆಗೆದು ನೋಡಿದ್ದೇನೆ. ಕೂಡಿಸಿದ್ದರಲ್ಲಿ ತಪ್ಪಿಲ್ಲ. ತೂಕ ಸರಿ, ಬ್ಯಾಟರಿ ಸರಿ, ಖಾತರಿ ಸರಿ. ಕೈಗೆ ಒಂದು ಸಾಲು ಇಲ್ಲ, ಕಣ್ಣಿಗೆ ಒಂದು ಸಾಲು ಇಲ್ಲ. ದಿನವೆಲ್ಲ ಬರೆಯುವ ಮನುಷ್ಯನಿಗೆ ಯಂತ್ರ ಆರಿಸಲು ಹೋಗಿ, ಒಂದು ಸಾಲು ಬರೆದು ನೋಡ್ರಿ ಎಂದು ನಾನು ಹೇಳಲಿಲ್ಲ. ಅವರಾಗಿಯೇ ಬರೆಯುತ್ತ ನಿಂತಾಗ ಕೈ ತಗೀರಿ ಎಂದೆ.

ಈ ತಿಂಗಳು ಬಾಗಿಲ ಬಳಿ ಎಣ್ಣೆಯ ವಾಸನೆ ಬಂದ ಆ ವಾರವೇ ನನಗೂ ಒಂದು ಲ್ಯಾಪ್‌ಟಾಪು ಬೇಕಾಗಿತ್ತು. ಮನೆಯ ಹಳೆಯ ಕಂಪ್ಯೂಟರು ಕೆಟ್ಟಿತ್ತು. ನಿಪ್ಪಾಣಿಯ ಒಂದು ಅಂಗಡಿಗೆ ಹೋದೆ. ಈಗ ನನ್ನ ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಬೆರಳ ಗೆಣ್ಣುಗಳು ಉಬ್ಬಿವೆ. ಅಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಮೊದಲು ಹಗುರವಾದವನ್ನೇ ತೋರಿಸಿದಳು. ನಾನು ಮೂಲೆಯಲ್ಲಿದ್ದ ದೊಡ್ಡದರ ಕಡೆ ನೋಡುತ್ತಿದ್ದೆ.

"ಅದು ಭಾಳ ಭಾರ ಐತ್ರಿ ಅಜ್ಜಾರ" ಎಂದಳು. ಆಮೇಲೆ ನನ್ನ ಮುಖ ನೋಡಿ, "ಇರಲಿ, ಕೈ ಇಟ್ಟ ನೋಡ್ರಿ" ಎಂದಳು.

ಇಟ್ಟೆ. ಕಣ್ಣು ಮುಚ್ಚಿದೆ. ಬೆರಳುಗಳಿಗೆ ತಮ್ಮ ತಮ್ಮ ಜಾಗ ಸಿಕ್ಕಿತು. ಬಹಳ ಹೊತ್ತು ಹಾಗೇ ನಿಂತಿದ್ದೆನೆಂದು ಕಾಣುತ್ತದೆ. ಅವಳು ಕೈ ತೆಗೆಯಿರಿ ಎನ್ನಲಿಲ್ಲ.

ಇದನ್ನು ಅದರಲ್ಲೇ ಬರೆಯುತ್ತಿದ್ದೇನೆ. ಬರೆದದ್ದನ್ನು ಗಟ್ಟಿಯಾಗಿ ಓದಿದೆ, ಕೇಳಲು ಯಾರೂ ಇರಲಿಲ್ಲ. ಇದಕ್ಕೆ ಸೇರಿಸಬೇಕಾದ ಮಾತೊಂದಿತ್ತು. ಅದನ್ನು ಆ ದಿನ ಚಪ್ಪರದ ಮುಂದೆ, ಎಲ್ಲರೆದುರಿಗೆ ಹೇಳಬೇಕಿತ್ತು: ತಪ್ಪು ನಿಮ್ಮದಲ್ಲ ಮಾಸ್ತರ, ನನ್ನದು. ಈಗ ಬರೆದರೆ ಯಾರ ಮೇಜಿಗೂ ಹೋಗುವುದಿಲ್ಲ. ಇನ್ನು ಅವರು ಮಾಡುತ್ತಿದ್ದಂತೆ, ಇಲ್ಲಿಂದ ಕಾಗದದ ಬುಡದವರೆಗೆ ಗೆರೆ ಹೊಡೆಯುತ್ತೇನೆ.

- - - - - - - - - - - - - - - - - - - -
- - - - - - - - - - - - - - - - - - - -